ಸಂಶೋಧಕರ ಪ್ರಶ್ನೆ: ಮುಗಿಯದ ಕೆಲಸವನ್ನು ಸಮ್ಮೇಳನದಲ್ಲಿ ಮಂಡಿಸಬಹುದೇ?

ಪ್ರಶ್ನೆ: ಕನ್ನಡದ ಮಾತನ್ನು ಬರಹಕ್ಕೆ ಇಳಿಸುವ ತಂತ್ರಾಂಶದ ಬಗ್ಗೆ ಪಿಎಚ್‌.ಡಿ. ಮಾಡುತ್ತಿದ್ದೇನೆ, ಈಗ ಮೂರನೆಯ ವರ್ಷ. ನಮ್ಮ ಕಡೆಯ ಆಡುಮಾತಿನ ಮೇಲೆ ಪರೀಕ್ಷಿಸಿದರೆ ಪದದೋಷದ ಪ್ರಮಾಣ (ಆಡಿದ ಪದಗಳಿಗೆ ಹೋಲಿಸಿದರೆ ತಂತ್ರಾಂಶ ಮಾಡಿದ ತಪ್ಪುಗಳ ಲೆಕ್ಕ) ಇಳಿಯುತ್ತಲೇ ಇಲ್ಲ. ಹೀಗಿದ್ದರೂ ನಮ್ಮ ಗೈಡ್, ಒಂದು ಅಂತರರಾಷ್ಟ್ರೀಯ ಸಮ್ಮೇಳನದ ಡಾಕ್ಟೋರಲ್ ಕನ್ಸಾರ್ಷಿಯಂಗೆ (ಸಂಶೋಧನಾ ವಿದ್ಯಾರ್ಥಿಗಳ ಗೋಷ್ಠಿಗೆ) ಇದನ್ನೇ ಕಳಿಸು ಎನ್ನುತ್ತಿದ್ದಾರೆ. ಅರ್ಧಂಬರ್ಧ ಕೆಲಸ ತೋರಿಸಿ ಮುಖಭಂಗ ಮಾಡಿಕೊಳ್ಳಬೇಕೇ?
– ಸಂಶೋಧನಾ ವಿದ್ಯಾರ್ಥಿನಿ, ಕಲಬುರಗಿ

ಉತ್ತರ: ನಿಮ್ಮ ಗೈಡ್ ಹೇಳಿದ್ದು ಸರಿ. ಕಳಿಸುವುದಕ್ಕೆ ಇದೇ ತಕ್ಕ ಹೊತ್ತು, ಏಕೆಂದರೆ ಕೆಲಸ ಮುಗಿದ ಮೇಲೆ ಸಿಗುವ ಸಲಹೆಯನ್ನು ಪ್ರಬಂಧದೊಳಗೆ ತರಲು ನಿಮಗೆ ಸಮಯ ಉಳಿದಿರುವುದಿಲ್ಲ. ಸಮ್ಮೇಳನದ ಮುಖ್ಯ ಗೋಷ್ಠಿಗಳು ಮುಗಿದ ಕೆಲಸವನ್ನು ಕೇಳುತ್ತವೆ. ಕನ್ಸಾರ್ಷಿಯಂ ನಡೆಯುತ್ತಿರುವ ಕೆಲಸಕ್ಕಾಗಿಯೇ ಮೀಸಲಾದ ಜಾಗ. 2018ರಲ್ಲಿ ಹೈದರಾಬಾದಿನಲ್ಲಿ ನಡೆದ ಇಂಟರ್‌ಸ್ಪೀಚ್ ನಿಮ್ಮ ಕ್ಷೇತ್ರದ ದೊಡ್ಡ ಸಮ್ಮೇಳನ. ಅದರ ಜೊತೆಗೂ ಇಂಥ ಕನ್ಸಾರ್ಷಿಯಂ ನಡೆಯುತ್ತದೆ. ಭಾಷಾ ತಂತ್ರಜ್ಞಾನದ ಎಸಿಎಲ್ ಸಮ್ಮೇಳನದ ವಿದ್ಯಾರ್ಥಿ ಕಾರ್ಯಾಗಾರದಲ್ಲಂತೂ ಪ್ರಬಂಧದ ಯೋಜನೆಗೆಂದೇ ಪ್ರತ್ಯೇಕ ವಿಭಾಗವಿದೆ. ಕಾರ್ಯಾಗಾರಕ್ಕೆ ಬರಹವನ್ನು ಅಂತಿಮವಾಗಿ ಸಲ್ಲಿಸುವ ಮುನ್ನವೇ ಹಿರಿಯ ಸಂಶೋಧಕರೊಬ್ಬರು ಕರಡನ್ನು ಓದಿ ತಿದ್ದಿಕೊಡುವ ಏರ್ಪಾಡೂ ಅಲ್ಲಿದೆ. ನಮ್ಮ ಸಣ್ಣ ಊರುಗಳ ವಿದ್ಯಾರ್ಥಿಗಳು ಈ ಏರ್ಪಾಡನ್ನು ಬಿಡಬಾರದೆಂದು ನಾನು ಕಳಕಳಿಯಿಂದ ಹೇಳುತ್ತೇನೆ.

ಮುಖಭಂಗ ಆಗುವುದಿದ್ದರೆ ಅದು ಕೆಲಸ ಮುಗಿದಿಲ್ಲವೆಂಬುದಕ್ಕಲ್ಲ, ಎಲ್ಲಿ ನಿಂತಿದೆ ಎಂದು ಹೇಳಲು ಬಾರದಿರುವುದಕ್ಕೆ. ‘ಫಲಿತಾಂಶ ಇನ್ನೂ ಸುಧಾರಿಸಬೇಕಿದೆ’ ಎಂದು ಕೊನೆಯ ಸ್ಲೈಡಿನಲ್ಲಿ ಬರೆದರೆ ಕೇಳುವವರ ಕೈಗೆ ಏನೂ ಸಿಗುವುದಿಲ್ಲ. ನಿಮ್ಮದೇ ವಿಷಯ ತೆಗೆದುಕೊಳ್ಳಿ. ಮಾತನಾಡಿದವರು ‘ಮನೆಯಲ್ಲಿದ್ದೇನೆ’ ಎಂದಿದ್ದಾರೆ, ತಂತ್ರಾಂಶ ‘ಮನೆಯಲ್ಲಿ ಇದ್ದೇನೆ’ ಎಂದು ಬರೆದಿದೆ ಎನ್ನೋಣ. ಓದುವವರಿಗೆ ಇದರಲ್ಲಿ ತಪ್ಪೇ ಕಾಣುವುದಿಲ್ಲ. ಆದರೆ ಪದದೋಷದ ಲೆಕ್ಕದಲ್ಲಿ ಒಂದು ಪದ ಬದಲಾಯಿತು, ಇನ್ನೊಂದು ಹೆಚ್ಚುವರಿಯಾಗಿ ಬಂತು; ಮೂಲದಲ್ಲಿದ್ದ ಒಂದೇ ಪದಕ್ಕೆ ಎರಡು ದೋಷ, ಅಂದರೆ ಶೇ 200! ಸಂಧಿ, ವಿಭಕ್ತಿ, ಕ್ರಿಯಾಪದದ ರೂಪಗಳೆಲ್ಲ ಒಂದಕ್ಕೊಂದು ಬೆಸೆದುಕೊಂಡು ಉದ್ದುದ್ದ ಪದಗಳಾಗುವ ನಮ್ಮ ಭಾಷೆಯಲ್ಲಿ ಈ ಅಳತೆಗೋಲು ನಿಜವಾಗಿ ಏನನ್ನು ಅಳೆಯುತ್ತಿದೆ? ಪದದ ಬದಲು ಒಂದೊಂದೇ ಅಕ್ಷರದ ತಪ್ಪನ್ನು ಎಣಿಸುವ ಅಕ್ಷರದೋಷವನ್ನೂ ಲೆಕ್ಕ ಹಾಕಿ ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದ್ದೀರಾ? ಅದು ಕಡಿಮೆಯಿದ್ದು ಪದದೋಷ ಮಾತ್ರ ಏರಿಯೇ ಇದ್ದರೆ ಪದ ಬಿಡಿಸುವ ಕ್ರಮದ ಮೇಲೆ ಅನುಮಾನ ಪಡಬೇಕು. ಎರಡೂ ಹೆಚ್ಚಿದ್ದರೆ ಆಡುಮಾತಿನ ಉಚ್ಚಾರಣೆಯನ್ನೇ ತಂತ್ರಾಂಶ ಹಿಡಿಯುತ್ತಿಲ್ಲ ಎಂದು ಶಂಕಿಸಬಹುದು. ಈ ಎರಡರಲ್ಲಿ ನಿಮ್ಮದು ಯಾವುದು ಎಂಬುದನ್ನೇ ಪ್ರಶ್ನೆಯಾಗಿ ಮುಂದಿಟ್ಟರೆ, ತಮಿಳು, ತುರ್ಕಿ, ಫಿನ್ನಿಷ್‌ನಂತಹ ಭಾಷೆಗಳಲ್ಲಿ ಇದೇ ತೊಡಕನ್ನು ಎದುರಿಸಿದವರು ಆ ಕೋಣೆಯಲ್ಲಿದ್ದರೆ ಖಂಡಿತ ಬಾಯಿ ಬಿಡುತ್ತಾರೆ.

ಹೋಗುವ ಮುಂಚೆ ಒಂದನ್ನು ಮಾತ್ರ ತಪ್ಪದೆ ನೋಡಿಕೊಳ್ಳಿ: ತಂತ್ರಾಂಶದ ತರಬೇತಿಗೆ ಬಳಸಿದವರ ದನಿಗಳೇ ಪರೀಕ್ಷೆಯಲ್ಲೂ ಇವೆಯೇ? ಇದ್ದರೆ ಫಲಿತಾಂಶ ಇರುವುದಕ್ಕಿಂತ ಚೆನ್ನಾಗಿ ಕಾಣಬಹುದು. ನಾನು ಕುಳಿತ ಗೋಷ್ಠಿಗಳಲ್ಲಿ ಅನುಭವಿಗಳು ಮೊದಲು ಕೇಳುವುದು ಇದನ್ನೇ. ಇಂಗ್ಲಿಷಿನ ಅಳುಕಿದ್ದರೆ, ನಿಮ್ಮ ತೊಡಕನ್ನು ಎರಡು ವಾಕ್ಯಗಳಲ್ಲಿ ಬರೆದಿಟ್ಟುಕೊಂಡು ಗಟ್ಟಿಯಾಗಿ ಓದಿ ಅಭ್ಯಾಸ ಮಾಡಿ. ಕೇಳಿದ್ದು ಅರ್ಥವಾಗದಿದ್ದರೆ ಇನ್ನೊಮ್ಮೆ ಹೇಳಿ ಎನ್ನಲು ಸಂಕೋಚ ಬೇಡ.

ಪ್ರಶ್ನೆ: ನಮ್ಮ ಪ್ರಯೋಗಾಲಯದಲ್ಲಿ ಒಂದು ಸಂವೇದಕವನ್ನು ರೂಪಿಸುತ್ತಿದ್ದೇವೆ. ಸಮ್ಮೇಳನದಲ್ಲಿ ಅದರ ಪೋಸ್ಟರ್ ಪ್ರದರ್ಶಿಸಿದರೆ ಪೇಟೆಂಟ್ ಕೈತಪ್ಪುತ್ತದೆಂದು ಗೆಳೆಯರು ಹೆದರಿಸುತ್ತಿದ್ದಾರೆ. ನಿಜವೇ?
– ಓದುಗರು, ದಾವಣಗೆರೆ

ಉತ್ತರ: ಹೆದರಿಕೆಗೆ ಆಧಾರವಿದೆ. ಅರ್ಜಿಗೆ ಮುನ್ನವೇ ಬಹಿರಂಗವಾದದ್ದು ಹೊಸತಲ್ಲವೆಂದು ಪೇಟೆಂಟ್ ಕೈತಪ್ಪಬಹುದು. ಇದಕ್ಕೊಂದು ವಿನಾಯಿತಿ ಇದೆ. ಭಾರತದ ಪೇಟೆಂಟ್ ಕಾಯ್ದೆಯ 31ನೇ ಕಲಮಿನ ಪ್ರಕಾರ, ಆವಿಷ್ಕರಿಸಿದವರೇ ವಿದ್ವತ್ ಸಂಸ್ಥೆಯೊಂದರ ಮುಂದೆ ಪ್ರಬಂಧ ಓದಿದ್ದರೆ, ಅಥವಾ ಅವರ ಒಪ್ಪಿಗೆಯಿಂದ ಅದು ಆ ಸಂಸ್ಥೆಯ ನಡಾವಳಿಯಲ್ಲಿ (ಮಂಡಿಸಿದ ಪ್ರಬಂಧಗಳ ಸಂಪುಟದಲ್ಲಿ) ಅಚ್ಚಾಗಿದ್ದರೆ, 12 ತಿಂಗಳೊಳಗೆ ಅರ್ಜಿ ಹಾಕಿದರೆ ಹೊಸತನಕ್ಕೆ ಕುಂದು ಬರುವುದಿಲ್ಲ. ನಿಮ್ಮ ಪೋಸ್ಟರ್ ಈ ಮಾತುಗಳ ವ್ಯಾಪ್ತಿಗೆ ಬರುತ್ತದೆಯೇ ಎಂಬ ವಾದಕ್ಕೆ ಆಸ್ಪದ ಕೊಡುವುದೇ ಬೇಡ. ಯುರೋಪಿನಲ್ಲಂತೂ ಸಮ್ಮೇಳನದ ಮಂಡನೆಗೆ ಈ ವಿನಾಯಿತಿಯೇ ಇಲ್ಲ. ಆದ್ದರಿಂದ ಮೊದಲು ತಾತ್ಕಾಲಿಕ ಅರ್ಜಿ ಸಲ್ಲಿಸಿ, ಆಮೇಲೆ ಪೋಸ್ಟರ್ ತೂಗುಹಾಕಿ. ಪೂರ್ಣ ವಿವರಣೆ ಕೊಡಲು ಅಲ್ಲಿಂದ 12 ತಿಂಗಳ ಅವಕಾಶವಿರುತ್ತದೆ. ಸಮ್ಮೇಳನದ ದಿನಕ್ಕಿಂತ ಮುಂಚೆಯೇ ಸಾರಾಂಶವನ್ನು ಜಾಲತಾಣಕ್ಕೆ ಏರಿಸುವುದುಂಟು. ಹಾಗೆ ಏರಿಸುವ ದಿನಕ್ಕಿಂತ ಮೊದಲೇ ನಿಮ್ಮ ಅರ್ಜಿ ಹೋಗಿರಲಿ. ಇನ್ನು ಬರೀ ಕಂಪ್ಯೂಟರ್ ಪ್ರೋಗ್ರಾಂ ಆಗಿದ್ದರೆ 3(ಕೆ) ಕಲಮಿನಂತೆ ಇಲ್ಲಿ ಪೇಟೆಂಟೇ ಸಿಗುವುದಿಲ್ಲ.

ಪ್ರಶ್ನೆ: ಸಮ್ಮೇಳನದ ವಿದ್ಯಾರ್ಥಿ ಗೋಷ್ಠಿಯಲ್ಲಿ ಮಾಡಿದ ಮಂಡನೆ ಪಿಎಚ್‌.ಡಿ. ನಿಯಮದ ಲೆಕ್ಕಕ್ಕೆ ಬರುತ್ತದೆಯೇ?
– ಓದುಗರು, ಮೈಸೂರು

ಉತ್ತರ: ಪ್ರಬಂಧ ಸಲ್ಲಿಸುವ ಮುನ್ನ ಒಂದು ಜರ್ನಲ್ ಲೇಖನ ಮತ್ತು ಎರಡು ಸಮ್ಮೇಳನ ಮಂಡನೆ ಇರಲೇಬೇಕೆಂದು ಯುಜಿಸಿಯ 2016ರ ನಿಯಮಾವಳಿ ಹೇಳುತ್ತಿತ್ತು, 2022ರ ನಿಯಮಾವಳಿ ಆ ಕಡ್ಡಾಯವನ್ನು ಕೈಬಿಟ್ಟಿತು. ಆದರೂ ವಿಶ್ವವಿದ್ಯಾಲಯಗಳು ತಮ್ಮದೇ ನಿಯಮ ಉಳಿಸಿಕೊಂಡಿರಬಹುದಾದ್ದರಿಂದ, ನಿಮ್ಮ ಸಂಶೋಧನಾ ವಿಭಾಗದಿಂದ ಲಿಖಿತ ಉತ್ತರವನ್ನೇ ಪಡೆಯಿರಿ. ಕೆಲವು ವಿದ್ಯಾರ್ಥಿ ಗೋಷ್ಠಿಗಳಲ್ಲಿ ಬರಹವನ್ನು ನಡಾವಳಿಗೆ ಸೇರಿಸದೆ ಮಂಡಿಸುವ ಆಯ್ಕೆಯಿರುತ್ತದೆ. ಅದನ್ನು ಆರಿಸಿಕೊಂಡರೆ ಅದೇ ಕೆಲಸವನ್ನು ಮುಂದೆ ಪೂರ್ಣ ಲೇಖನವಾಗಿಸುವುದು ಸಲೀಸು, ಆದರೆ ಪ್ರಕಟಣೆಗಳ ಪಟ್ಟಿಯಲ್ಲಿ ತೋರಿಸಲಾಗುವುದಿಲ್ಲ. ಮೂರನೆಯ ವರ್ಷದೊಳಗಿನವರು ಇದನ್ನೇ ಆರಿಸಿಕೊಳ್ಳುವುದು ಮೇಲು ಎಂಬುದು ನನ್ನ ಅಭಿಪ್ರಾಯ.