ಡೀಫಾಲ್ಟ್ ಪೋರ್ಟ್ ಬದಲಿಸುವ ಮುಂಚೆ ಅದು ಯಾವ ವಿಳಾಸದಲ್ಲಿ ಕೂತಿದೆ ನೋಡಿ

ನಿಮ್ಮ ಪ್ರಶ್ನೆಯಲ್ಲಿ ಮೂರು ವಿಷಯ ಸೇರಿಕೊಂಡಿವೆ. ಗ್ರಫಾನಾ (ಅಂಕಿಅಂಶಗಳ ಗ್ರಾಫ್ ತೋರಿಸುವ ಸಾಫ್ಟ್‌ವೇರ್) ಇದ್ದ ಮಷೀನ್‌ನಲ್ಲೇ ಗಿಟಿಯಾ (ಕೋಡ್ ಇಡುವ ಗಿಟ್ ಸರ್ವರ್) ಹಾಕಿದ್ದೀರಿ, ಅದು ಶುರುವೇ ಆಗುತ್ತಿಲ್ಲ. ಉಬುಂಟು 24.04ರಲ್ಲಿ ಎಸ್‌ಎಸ್‌ಎಚ್ (ದೂರದಿಂದ ಲಾಗಿನ್ ಆಗುವ ದಾರಿ) ಪೋರ್ಟನ್ನು, ಅಂದರೆ ಮಷೀನ್‌ನಲ್ಲಿ ಒಂದು ಪ್ರೋಗ್ರಾಂ ಸಂಪರ್ಕಕ್ಕೆ ಕಾಯುವ ಬಾಗಿಲ ನಂಬರನ್ನು, 22ರಿಂದ 2222ಕ್ಕೆ ಬದಲಿಸಿದ್ದೀರಿ, ಆದರೂ ಅದು 22ರಲ್ಲೇ ಉತ್ತರ ಕೊಡುತ್ತಿದೆ. ಇನ್ನು ಪೋಸ್ಟ್‌ಗ್ರೆಸ್, ರೆಡಿಸ್ ಎಂಬ ಡೇಟಾಬೇಸ್‌ಗಳ ಪೋರ್ಟುಗಳನ್ನೂ ಬದಲಿಸಿಬಿಟ್ಟರೆ ಸರ್ವರ್ ಭದ್ರವಾಗುತ್ತಾ ಅಂತ ಕೇಳಿದ್ದೀರಿ. ಕೊನೆಯದನ್ನೇ ಮೊದಲು ತೆಗೆದುಕೊಳ್ಳುತ್ತೇನೆ, ಯಾಕಂದ್ರೆ ಅದು ಬಗೆಹರಿದರೆ ನೀವು ಮಾಡಬೇಕಾದ ಕೆಲಸ ಅರ್ಧಕ್ಕೆ ಇಳಿಯುತ್ತದೆ.

ಭದ್ರತೆಗೆ ಅಂತ ಪೋರ್ಟ್ ಬದಲಿಸಬೇಡಿ. ಪೋರ್ಟ್ ನಂಬರ್ 16 ಬಿಟ್‌ನದು, ಎಷ್ಟೇ ದೂರ ಹೋದರೂ 65535ಕ್ಕೆ ಮುಗಿಯುತ್ತದೆ. ಒಂದೇ ಮಷೀನ್‌ನ ಅಷ್ಟೂ ಪೋರ್ಟುಗಳನ್ನು ತಟ್ಟಿ ನೋಡುವುದು ಪೋರ್ಟ್ ಹುಡುಕುವ ಎನ್‌ಮ್ಯಾಪ್ ಸಾಫ್ಟ್‌ವೇರ್‌ಗೆ ದೊಡ್ಡ ಕೆಲಸವೇನಲ್ಲ. 2013ರಲ್ಲಿ ಮಿಷಿಗನ್ ವಿಶ್ವವಿದ್ಯಾಲಯದವರು ಇಂಥದೇ ಜಡ್‌ಮ್ಯಾಪ್ ಬಿಡುಗಡೆ ಮಾಡಿದಾಗಲೇ, ಒಂದು ಪೋರ್ಟ್‌ಗಾಗಿ ಇಡೀ ಐಪಿವಿ4 ಇಂಟರ್ನೆಟ್ಟನ್ನು ಗಿಗಾಬಿಟ್ ಸಂಪರ್ಕ ಇರುವ ಒಂದೇ ಕಂಪ್ಯೂಟರ್‌ನಿಂದ 45 ನಿಮಿಷದೊಳಗೆ ಜಾಲಾಡಬಹುದು ಅಂತ ತೋರಿಸಿದ್ದರು. ಅದೂ ಅಲ್ಲದೆ ಎಸ್‌ಎಸ್‌ಎಚ್ ಸರ್ವರ್ ಯಾವ ಪೋರ್ಟ್‌ನಲ್ಲಿದ್ದರೂ, ಯಾರಾದರೂ ಕನೆಕ್ಟ್ ಆದ ತಕ್ಷಣ ತನ್ನ ಹೆಸರು, ವರ್ಷನ್ ತಾನೇ ಹೇಳಿಬಿಡುತ್ತದೆ. ಹುಡುಕುವವರಿಗೆ ಊಹೆ ಮಾಡುವ ಕಷ್ಟವೂ ಇಲ್ಲ.

ಹಾಗಂತ ಎಸ್‌ಎಸ್‌ಎಚ್ ಪೋರ್ಟ್ ಬದಲಿಸುವುದು ದಂಡ ಅಂತ ನಾನು ಹೇಳುವುದಿಲ್ಲ. ಒಂದು ಲಾಭ ನಿಜವಾಗಿಯೂ ಇದೆ. 22ನ್ನೇ ತಟ್ಟುತ್ತಾ ತಿರುಗುವ ಬಾಟ್‌ಗಳಿಂದ ಲಾಗ್ ಫೈಲ್ ತುಂಬುವುದು ಕಡಿಮೆಯಾಗುತ್ತದೆ, ನಿಜವಾದ ತೊಂದರೆ ಬಂದಾಗ ಕಣ್ಣಿಗೆ ಬೀಳುತ್ತದೆ. ಆ ಲಾಭಕ್ಕೆ ಬದಲಿಸುವುದಾದರೆ ಬದಲಿಸಿ. ಆದರೆ ಮೊದಲು ಕೀ (ಪಾಸ್‌ವರ್ಡ್ ಬದಲು ಬಳಸುವ ಗುಪ್ತ ಫೈಲ್) ಮೂಲಕ ಲಾಗಿನ್ ಆಗುವ ಹಾಗೆ ಮಾಡಿ, ಪಾಸ್‌ವರ್ಡ್ ಲಾಗಿನ್ ಪೂರ್ತಿ ಮುಚ್ಚಿ. ಸರ್ವರನ್ನು ಕಾಪಾಡುವುದು ಅದು. 2222 ಅಂತೂ 22ರ ನಂತರ ಎಲ್ಲರಿಗೂ ನೆನಪಾಗುವ ನಂಬರ್, ಬಾಟ್‌ಗಳು ಅದನ್ನೂ ನೋಡುತ್ತವೆ.

ಈಗ ಪೋಸ್ಟ್‌ಗ್ರೆಸ್, ರೆಡಿಸ್. ಇಲ್ಲಿ ಕೇಳಬೇಕಾದ ಪ್ರಶ್ನೆ "ಯಾವ ಪೋರ್ಟ್" ಅನ್ನೋದಲ್ಲ, "ಯಾವ ವಿಳಾಸದಲ್ಲಿ ಕೇಳಿಸಿಕೊಳ್ಳುತ್ತಿದೆ" ಅನ್ನೋದು. 127.0.0.1ರಲ್ಲಿ ಇದ್ದರೆ ಆ ಮಷೀನ್‌ನೊಳಗಿನ ಪ್ರೋಗ್ರಾಂಗಳು ಮಾತ್ರ ಮುಟ್ಟಬಹುದು, ಆಗ ನಂಬರ್ ಪೋಸ್ಟ್‌ಗ್ರೆಸ್‌ನ ಡೀಫಾಲ್ಟ್ 5432 ಇದ್ದರೇನು, 15432 ಇದ್ದರೇನು. 0.0.0.0ರಲ್ಲಿ ಇದ್ದರೆ ಮಷೀನ್‌ಗೆ ಇರುವ ಎಲ್ಲ ನೆಟ್‌ವರ್ಕ್‌ಗಳಿಂದಲೂ ದಾರಿ ತೆರೆದಿದೆ ಅಂತ ಅರ್ಥ. 2016ರ ಕೊನೆ, 2017ರ ಶುರುವಿನಲ್ಲಿ ಸಾವಿರಾರು ಮೊಂಗೋಡಿಬಿ ಡೇಟಾಬೇಸ್‌ಗಳನ್ನು ಅಳಿಸಿ ಹಣ ಕೇಳುವ ಚೀಟಿ ಬಿಟ್ಟು ಹೋದರಲ್ಲ, ಅವು ಇಂಟರ್ನೆಟ್‌ಗೆ ತೆರೆದುಕೊಂಡಿದ್ದವು, ಪಾಸ್‌ವರ್ಡ್ ಇರಲಿಲ್ಲ. ತೊಂದರೆ 27017 ಅನ್ನುವ ಅದರ ಡೀಫಾಲ್ಟ್ ನಂಬರ್‌ನಲ್ಲಿ ಇರಲಿಲ್ಲ. ಮೊಂಗೋಡಿಬಿ 3.6ರಿಂದ ಎಲ್ಲ ಪ್ಯಾಕೇಜ್‌ಗಳಲ್ಲೂ ಡೀಫಾಲ್ಟ್ ಆಗಿ ಲೋಕಲ್‌ಹೋಸ್ಟ್‌ನಲ್ಲಿ, ಅಂದರೆ 127.0.0.1ರಲ್ಲಿ, ಮಾತ್ರ ಕೂರುತ್ತದೆ. ರೆಡಿಸ್ 3.2ರಲ್ಲಿ, ಪಾಸ್‌ವರ್ಡ್ ಹಾಕದಿದ್ದರೆ ಹೊರಗಿನ ಸಂಪರ್ಕ ಒಪ್ಪದ ಪ್ರೊಟೆಕ್ಟೆಡ್ ಮೋಡ್ ತಂದರು. ಪೋಸ್ಟ್‌ಗ್ರೆಸ್ ಡೀಫಾಲ್ಟ್ ಕೂಡ ಲೋಕಲ್‌ಹೋಸ್ಟೇ. ಅಂದರೆ ನೀವು ಕೈ ಹಾಕದಿದ್ದರೆ ಅವು ಸಾಮಾನ್ಯವಾಗಿ ಸರಿಯಾದ ಜಾಗದಲ್ಲೇ ಇರುತ್ತವೆ.

ಕೆಡುವುದು ಎಲ್ಲಿ ಗೊತ್ತಾ? ಡಾಕರ್‌ನಲ್ಲಿ, ಅಂದರೆ ಪ್ರತಿ ಸಾಫ್ಟ್‌ವೇರನ್ನು ಕಂಟೇನರ್ ಎಂಬ ಪ್ರತ್ಯೇಕ ಡಬ್ಬಿಯಲ್ಲಿ ಓಡಿಸುವ ವ್ಯವಸ್ಥೆಯಲ್ಲಿ. ಅದರ ಸೆಟ್ಟಿಂಗ್ ಬರೆಯುವ ಕಂಪೋಸ್ ಫೈಲ್‌ನಲ್ಲಿ 5432:5432 (ಎಡಗಡೆ ಮಷೀನ್‌ನ ಪೋರ್ಟ್, ಬಲಗಡೆ ಕಂಟೇನರ್‌ನದು) ಅಂತ ಬರೆದರೆ ಡಾಕರ್ ಅದನ್ನು 0.0.0.0ರಲ್ಲೇ ತೆರೆಯುತ್ತದೆ. ಅದರ ಐಪಿಟೇಬಲ್ಸ್ (ಲಿನಕ್ಸ್‌ನ ಒಳಗಿನ ಫೈರ್‌ವಾಲ್) ನಿಯಮಗಳು ಯುಎಫ್‌ಡಬ್ಲ್ಯೂ (ಉಬುಂಟುವಿನ ಸರಳ ಫೈರ್‌ವಾಲ್) ನಿಯಮಗಳನ್ನು ದಾಟಿ ಹೋಗುವುದರಿಂದ, ಯುಎಫ್‌ಡಬ್ಲ್ಯೂ ಆನ್ ಇದೆ, ಎಲ್ಲ ಮುಚ್ಚಿದೆ ಅಂತ ನೀವು ನಿಶ್ಚಿಂತೆಯಿಂದ ಇರುತ್ತೀರಿ, ಆ ಕಡೆ ಡೇಟಾಬೇಸ್ ಹೊರಗೆ ಕಾಣುತ್ತಿರುತ್ತದೆ. ಇದು ಗೊತ್ತಿಲ್ಲದೆ ಎಷ್ಟೋ ಜನ ಬರೀ ನಂಬರ್ ಬದಲಿಸಿ ಸುಮ್ನಾಗುತ್ತಾರೆ, ಅದು ನನಗೆ ನಿಜವಾಗಿಯೂ ಆತಂಕದ ವಿಷಯ. 127.0.0.1:5432:5432 ಅಂತ ಬರೆಯಿರಿ. ಅದಕ್ಕಿಂತ ಒಳ್ಳೆಯದು, ಡೇಟಾಬೇಸನ್ನು ಬಳಸುವುದು ಅದೇ ಕಂಪೋಸ್ ಫೈಲ್‌ನ ಇನ್ನೊಂದು ಕಂಟೇನರ್ ಮಾತ್ರ ಆಗಿದ್ದರೆ ಪೋರ್ಟ್ ಸಾಲನ್ನೇ ತೆಗೆದುಹಾಕಿ. ಕಂಟೇನರ್‌ಗಳು ಒಳಗಿನ ನೆಟ್‌ವರ್ಕ್‌ನಲ್ಲಿ ಸರ್ವಿಸ್ ಹೆಸರಿನಿಂದಲೇ ಮಾತಾಡಿಕೊಳ್ಳುತ್ತವೆ.

ಗಿಟಿಯಾ ವಿಷಯ ಸುಲಭ. ಗ್ರಫಾನಾ ಡೀಫಾಲ್ಟ್ 3000, ಗಿಟಿಯಾ ಡೀಫಾಲ್ಟೂ 3000, ಜಾಹೀರಾತು ತಡೆಯುವ ಆಡ್‌ಗಾರ್ಡ್ ಹೋಮ್ ಮೊದಲ ಸಲ ಸೆಟಪ್ ಪುಟ ತೋರಿಸುವುದೂ 3000ರಲ್ಲೇ. ಪ್ರೊಮಿಥಿಯಸ್, ಕಾಕ್‌ಪಿಟ್ ಎಂಬ ಸರ್ವರ್ ನೋಡಿಕೊಳ್ಳುವ ಸಾಫ್ಟ್‌ವೇರ್‌ಗಳು ಎರಡೂ 9090. ಸಾವಿರಾರು ಪ್ರಾಜೆಕ್ಟ್‌ಗಳು ತಮತಮಗೆ ಸುಲಭ ಅನ್ನಿಸಿದ ನಂಬರ್ ಆರಿಸಿಕೊಂಡರೆ ಹೀಗಾಗುವುದು ಸಹಜ ಅಲ್ವಾ. ನಿಮಗೆ ಬಂದ "ಅಡ್ರೆಸ್ ಆಲ್ರೆಡಿ ಇನ್ ಯೂಸ್" ಸಂದೇಶದ ಅರ್ಥ ಇಷ್ಟೇ, ಮೊದಲು ಬಂದವರು ಕೂತಿದ್ದಾರೆ. ಯಾರು ಕೂತಿದ್ದಾರೆ ಅಂತ ನೋಡಲು ಸುಡೋ (ರೂಟ್, ಅಂದರೆ ಮುಖ್ಯ ಯೂಸರ್ ಅನುಮತಿ) ಜೊತೆ ಎಸ್‌ಎಸ್ ಕಮಾಂಡ್‌ಗೆ ಟಿ, ಯು, ಎಲ್, ಪಿ, ಎನ್ ಆಯ್ಕೆಗಳನ್ನು ಸೇರಿಸಿ ಕೊಡಿ (sudo ss -tulpn). ಸುಡೋ ಇಲ್ಲದೆ ಕೊಟ್ಟರೆ ಬೇರೆ ಯೂಸರ್‌ಗಳ ಪ್ರೋಗ್ರಾಂ ಹೆಸರು ಕಾಣುವುದಿಲ್ಲ. ಇದೇ ಪಟ್ಟಿಯಲ್ಲಿ ಪ್ರತಿ ಪೋರ್ಟ್‌ನ ಹಿಂದೆ 127.0.0.1 ಇದೆಯಾ, 0.0.0.0 ಇದೆಯಾ ಅನ್ನೋದೂ ಕಾಣುತ್ತದೆ, ಮೇಲೆ ಹೇಳಿದ ಪರೀಕ್ಷೆಯೂ ಇದರಲ್ಲೇ ಮುಗಿಯುತ್ತದೆ.

ಎರಡರಲ್ಲಿ ಯಾವುದನ್ನು ಬದಲಿಸಬೇಕು? ಗ್ರಫಾನಾವನ್ನು ಬದಲಿಸಿ. ಗಿಟಿಯಾ ಪೋರ್ಟ್ ಬದಲಿಸಿದರೆ ಅದರ ರೂಟ್ ಯುಆರ್‌ಎಲ್ (ತನ್ನ ವಿಳಾಸ ಬರೆದಿರುವ ಸೆಟ್ಟಿಂಗ್) ಕೂಡ ಬದಲಿಸಬೇಕು, ಇಲ್ಲದಿದ್ದರೆ ಪುಟ ತೆರೆಯುತ್ತದೆ, ಆದರೆ ಅದು ತೋರಿಸುವ ಕ್ಲೋನ್ (ಕೋಡ್ ನಕಲು ಇಳಿಸಿಕೊಳ್ಳುವ) ಲಿಂಕ್‌ಗಳು ಹಳೆಯ ನಂಬರ್‌ಗೇ ಹೋಗುತ್ತವೆ. ಗ್ರಫಾನಾದಲ್ಲಿ ಐಎನ್‌ಐ ಫೈಲ್‌ನ ಸರ್ವರ್ ವಿಭಾಗದಲ್ಲಿ ಎಚ್‌ಟಿಟಿಪಿ ಪೋರ್ಟ್ ಸಾಲು ಇದೆ. ಆ ಸಾಲಿನ ಮುಂದೆ ಒಂದು ಅರ್ಧವಿರಾಮ ಚಿಹ್ನೆ (;) ಇರುತ್ತದೆ, ಅದು ಕಾಮೆಂಟ್ ಗುರುತು, ಅಂದರೆ ಆ ಸಾಲನ್ನು ಸಾಫ್ಟ್‌ವೇರ್ ಓದುವುದಿಲ್ಲ. ನಂಬರ್ ಬದಲಿಸಿ ಚಿಹ್ನೆ ಬಿಟ್ಟರೆ ಏನೂ ಆಗುವುದಿಲ್ಲ, ಮತ್ತೆ 3000ಕ್ಕೇ ಬಂದು ಕೂರುತ್ತದೆ. ಡಾಕರ್‌ನಲ್ಲಿ ಓಡಿಸುತ್ತಿದ್ದರೆ ಇದ್ಯಾವುದೂ ಬೇಡ, ಎಡಗಡೆಯ ನಂಬರ್ ಮಾತ್ರ ಬದಲಿಸಿ, 3001:3000. ಬಲಗಡೆಯದು ಕಂಟೇನರ್‌ನ ಒಳಗಿನದು, ಅದನ್ನು ಮುಟ್ಟಬೇಡಿ. ಹಾಗೆಯೇ ಅದೇ ನೆಟ್‌ವರ್ಕ್‌ನ ಇನ್ನೊಂದು ಕಂಟೇನರ್ ಗ್ರಫಾನಾವನ್ನು ಕರೆಯುತ್ತಿದ್ದರೆ ಅಲ್ಲಿ 3000 ಅಂತಲೇ ಇರಬೇಕು, 3001 ಅಲ್ಲ. ತುಂಬಾ ಜನ ಎಡವುವ ಜಾಗ ಇದು.

ಹೊಸ ನಂಬರ್ ಆರಿಸುವಾಗ ಸ್ವಲ್ಪ ಯೋಚಿಸಿ. 1024ಕ್ಕಿಂತ ಕೆಳಗಿನದಕ್ಕೆ ಲಿನಕ್ಸ್‌ನಲ್ಲಿ ರೂಟ್ ಅನುಮತಿ ಅಥವಾ ಅದಕ್ಕೆಂದೇ ಇರುವ ವಿಶೇಷ ಅನುಮತಿ ಬೇಕು. 32768ರಿಂದ 60999ರವರೆಗಿನದನ್ನು ಲಿನಕ್ಸ್ ಹೊರಹೋಗುವ ಸಂಪರ್ಕಗಳಿಗೆ ತಾನೇ ಬಳಸುತ್ತದೆ. ಅಲ್ಲಿ ಸರ್ವಿಸ್ ಇಟ್ಟರೆ ಹೆಚ್ಚಿನ ದಿನ ಸರಿಯಾಗೇ ಓಡುತ್ತದೆ, ಎಂದೋ ಒಂದು ದಿನ ರೀಸ್ಟಾರ್ಟ್ ಮಾಡಿದಾಗ ಆ ನಂಬರನ್ನು ಬೇರೆ ಪ್ರೋಗ್ರಾಂ ಹಿಡಿದುಕೊಂಡಿರುತ್ತದೆ, ಕಾರಣ ಹುಡುಕುವುದೇ ಕಷ್ಟ. ಹಾಗಾಗಿ 1024ಕ್ಕೂ 32767ಕ್ಕೂ ನಡುವೆ ಆರಿಸಿ. ಬ್ರೌಸರ್‌ನಲ್ಲಿ ತೆರೆಯುವ ಸಾಫ್ಟ್‌ವೇರ್ ಆದರೆ ಇನ್ನೊಂದು ಎಚ್ಚರಿಕೆ. 6000, 5060, 6665ರಿಂದ 6669, 10080 ಇಂಥ ಕೆಲವು ನಂಬರ್‌ಗಳನ್ನು ಕ್ರೋಮ್, ಫೈರ್‌ಫಾಕ್ಸ್ ಬೇಕಂತಲೇ ತೆರೆಯುವುದಿಲ್ಲ. ಸರ್ವರ್ ಚೆನ್ನಾಗಿರುತ್ತದೆ, ಕರ್ಲ್ ಕಮಾಂಡ್‌ನಲ್ಲಿ ಉತ್ತರ ಬರುತ್ತದೆ, ಬ್ರೌಸರ್ ಮಾತ್ರ ಅಸುರಕ್ಷಿತ ಪೋರ್ಟ್ ಅನ್ನುತ್ತದೆ. ಇಟಿಸಿ ಫೋಲ್ಡರ್‌ನ ಸರ್ವಿಸಸ್ ಫೈಲ್‌ನಲ್ಲಿ ನಂಬರ್ ತಿದ್ದಿದರೆ ಸಾಕಾ ಅಂತ ಇನ್ನೊಬ್ಬರು ಕೆಳಗೆ ಕೇಳಿದ್ದಾರೆ. ಸಾಲದು. ಅದು ಮುಖ್ಯವಾಗಿ ಹೆಸರು ನಂಬರ್‌ಗಳ ಪಟ್ಟಿ, ನಾವು ಇಲ್ಲಿ ಮಾತಾಡುತ್ತಿರುವ ಸಾಫ್ಟ್‌ವೇರ್‌ಗಳ ಪೋರ್ಟ್ ಅವುಗಳ ಸ್ವಂತ ಸೆಟ್ಟಿಂಗ್‌ನಲ್ಲಿ ಇರುತ್ತದೆ.

ಇನ್ನು ಎಸ್‌ಎಸ್‌ಎಚ್. ನೀವು ಎಸ್‌ಎಸ್‌ಎಚ್‌ಡಿ (ಎಸ್‌ಎಸ್‌ಎಚ್ ಸರ್ವರ್ ಪ್ರೋಗ್ರಾಂ) ಕಾನ್ಫಿಗ್‌ನಲ್ಲಿ ಬದಲಿಸಿದ್ದು ಸರಿಯೇ ಇದೆ. ಆದರೆ ಉಬುಂಟು 22.10ರಿಂದ ಎಸ್‌ಎಸ್‌ಎಚ್ ಪೋರ್ಟನ್ನು ಹಿಡಿದುಕೊಂಡಿರುವುದು ಸರ್ವಿಸ್‌ಗಳನ್ನು ನಡೆಸುವ ಸಿಸ್ಟಮ್‌ಡಿಯ ಸಾಕೆಟ್ ಯೂನಿಟ್, ಎಸ್‌ಎಸ್‌ಎಚ್ ಸರ್ವಿಸ್ ಅಲ್ಲ. ಹಾಗಾಗಿ ಸರ್ವಿಸ್ ಎಷ್ಟು ಸಲ ರೀಸ್ಟಾರ್ಟ್ ಮಾಡಿದರೂ 22 ಬಿಡುವುದಿಲ್ಲ. 24.04ರಲ್ಲಿ ಸಿಸ್ಟಮ್‌ಸಿಟಿಎಲ್ ಡೀಮನ್-ರೀಲೋಡ್ ಕೊಟ್ಟು, ಆಮೇಲೆ ಎಸ್‌ಎಸ್‌ಎಚ್ ಡಾಟ್ ಸಾಕೆಟ್ ಅನ್ನು ರೀಸ್ಟಾರ್ಟ್ ಮಾಡಿ, ಹೊಸ ಪೋರ್ಟ್ ಬರುತ್ತದೆ.

ಆದರೆ ಈಗಲೇ ಹೋಗಿ ಅದನ್ನು ಕೊಡಬೇಡಿ! ಮೊದಲು ಫೈರ್‌ವಾಲ್‌ನಲ್ಲಿ ಹೊಸ ಪೋರ್ಟ್ ತೆರೆಯಿರಿ. ಯುಎಫ್‌ಡಬ್ಲ್ಯೂನಲ್ಲಿ ಓಪನ್‌ಎಸ್‌ಎಸ್‌ಎಚ್ ಅನ್ನುವ ಹೆಸರಿನ ಅನುಮತಿ ಕೊಟ್ಟಿದ್ದರೆ ಅದು 22 ಮಾತ್ರ, ಹೊಸ ನಂಬರ್‌ಗೆ ಬೇರೆ ನಿಯಮ ಬೇಕು. ಫೆಡೋರಾ, ರಾಕಿ ಬಳಸುವವರು ಓದುತ್ತಿದ್ದರೆ ಎಸ್‌ಇಲಿನಕ್ಸ್ ಎಂಬ ಭದ್ರತಾ ಪದರಕ್ಕೂ ಸೆಮ್ಯಾನೇಜ್ ಕಮಾಂಡ್ ಮೂಲಕ ಹೇಳಬೇಕು, ಇಲ್ಲದಿದ್ದರೆ ಎಸ್‌ಎಸ್‌ಎಚ್‌ಡಿ ಹೊಸ ಪೋರ್ಟ್ ಹಿಡಿಯುವುದೇ ಇಲ್ಲ. ಕಾನ್ಫಿಗ್‌ನಲ್ಲಿ ಪೋರ್ಟ್ ಸಾಲನ್ನು ಎರಡು ಸಲ ಬರೆಯಬಹುದು, ಒಂದು 22, ಇನ್ನೊಂದು ಹೊಸದು. ಎರಡೂ ಓಡುತ್ತಿರಲಿ. ಈಗ ತೆರೆದಿರುವ ಸೆಷನ್ ಮುಚ್ಚದೆ ಇನ್ನೊಂದು ಟರ್ಮಿನಲ್‌ನಿಂದ ಹೊಸ ಪೋರ್ಟ್‌ಗೆ ಲಾಗಿನ್ ಆಗಿ ನೋಡಿ. ಅದು ಆದ ಮೇಲೆ 22ರ ಸಾಲು ತೆಗೆಯಿರಿ. ಕೀಬೋರ್ಡ್ ಮಾನಿಟರ್ ಇಲ್ಲದ ಮಷೀನ್‌ಗೆ ಬೇರೆ ದಾರಿ ಇರುವುದಿಲ್ಲ, ಈ ಕ್ರಮ ತಪ್ಪಿಸಬೇಡಿ.

ಆಮೇಲೆ ಉಳಿಯುವುದು ಹಳೆಯ ನಂಬರ್ ಇನ್ನೂ ಎಲ್ಲೆಲ್ಲಿ ಬರೆದಿದೆ ಅಂತ ಹುಡುಕುವ ಕೆಲಸ. ಫೇಲ್2ಬ್ಯಾನ್ (ತಪ್ಪು ಲಾಗಿನ್ ಮಾಡುವವರನ್ನು ತಡೆಯುವ ಸಾಫ್ಟ್‌ವೇರ್) ಇದ್ದರೆ ಅದನ್ನು ಮರೆಯಲೇಬೇಡಿ. ಅದು ಲಾಗ್ ನೋಡಿ ತಪ್ಪು ಮಾಡಿದವರನ್ನು ಸರಿಯಾಗೇ ಹಿಡಿಯುತ್ತದೆ, ಆದರೆ ಸಾಮಾನ್ಯ ಸೆಟ್ಟಿಂಗ್‌ನಲ್ಲಿ ತಡೆಯುವುದು ಅದರ ಸೆಟ್ಟಿಂಗ್ ಇರುವ ಜೈಲ್ ಫೈಲ್‌ನಲ್ಲಿ ಬರೆದ ಪೋರ್ಟನ್ನು ಮಾತ್ರ. ಅಲ್ಲಿ ಹಳೆಯದೇ ಇದ್ದರೆ ಬ್ಯಾನ್ ಆಯಿತು ಅಂತ ಲಾಗ್‌ನಲ್ಲಿ ಕಾಣುತ್ತದೆ, ಆ ಮನುಷ್ಯ ಹೊಸ ಪೋರ್ಟ್‌ನಲ್ಲಿ ಪ್ರಯತ್ನ ಮುಂದುವರಿಸುತ್ತಲೇ ಇರುತ್ತಾನೆ. ರಾತ್ರಿ ಓಡುವ ಬ್ಯಾಕಪ್ ಸ್ಕ್ರಿಪ್ಟ್‌ಗಳು, ಫೈಲ್ ನಕಲಿಸುವ ಆರ್‌ಸಿಂಕ್, ಗಿಟ್ ರಿಮೋಟ್‌ಗಳು, ರೂಟರ್‌ನ ಫಾರ್ವರ್ಡಿಂಗ್, ಎಲ್ಲ ನೋಡಿ. ಎಸ್‌ಎಸ್‌ಎಚ್‌ಗೆ ಪೋರ್ಟ್ ಹೇಳಲು ಚಿಕ್ಕ ಪಿ, ಫೈಲ್ ನಕಲಿಸುವ ಎಸ್‌ಸಿಪಿಗೆ ದೊಡ್ಡ ಪಿ. ಗಿಟ್‌ನ ಚಿಕ್ಕ ರೂಪದ ವಿಳಾಸದಲ್ಲಿ, ಅಂದರೆ ಹೋಸ್ಟ್ ಹೆಸರು, ಕೋಲನ್, ದಾರಿ ಅಂತ ಬರೆಯುವುದರಲ್ಲಿ, ಪೋರ್ಟ್ ಹಾಕಲು ಜಾಗವೇ ಇಲ್ಲ. ಇದಕ್ಕೆಲ್ಲ ಒಂದೇ ಪರಿಹಾರ, ನಿಮ್ಮ ಲ್ಯಾಪ್‌ಟಾಪ್‌ನ ಎಸ್‌ಎಸ್‌ಎಚ್ ಕಾನ್ಫಿಗ್ ಫೈಲ್‌ನಲ್ಲಿ ಹೋಸ್ಟ್ ಹೆಸರಿನ ಕೆಳಗೆ ಪೋರ್ಟ್ ಬರೆದುಬಿಡಿ. ಎಸ್‌ಎಸ್‌ಎಚ್, ಎಸ್‌ಸಿಪಿ, ಆರ್‌ಸಿಂಕ್, ಗಿಟ್ ಎಲ್ಲವೂ ಅದನ್ನೇ ಓದುತ್ತವೆ. ಡಾಕರ್‌ನ ಗಿಟಿಯಾಗೆ ಅಂತ 2222ನ್ನು ಆಗಲೇ ಕೊಟ್ಟಿದ್ದರೆ ಎಸ್‌ಎಸ್‌ಎಚ್‌ಗೆ ಬೇರೆ ನಂಬರ್ ನೋಡಿ, ಇಲ್ಲದಿದ್ದರೆ 3000ದ ಜಗಳ ಇಲ್ಲೂ ಶುರುವಾಗುತ್ತದೆ.

ಇಷ್ಟೆಲ್ಲ ಹೇಳಿದರೂ ಪೋಸ್ಟ್‌ಗ್ರೆಸ್ ಪೋರ್ಟ್ ಬದಲಿಸಲೇಬೇಕು ಅಂದರೆ, ರೀಲೋಡ್ ಸಾಲದು, ರೀಸ್ಟಾರ್ಟ್ ಬೇಕು. ಅದರ ಯುನಿಕ್ಸ್ ಸಾಕೆಟ್ ಫೈಲ್‌ನ (ಒಂದೇ ಮಷೀನ್‌ನೊಳಗೆ ಮಾತಾಡಲು ಬಳಸುವ ಫೈಲ್) ಹೆಸರಿನಲ್ಲೇ ಪೋರ್ಟ್ ನಂಬರ್ ಇರುವುದರಿಂದ, ಅದೇ ಮಷೀನ್‌ನಲ್ಲಿ ಪೋಸ್ಟ್‌ಗ್ರೆಸ್‌ನ ಪಿಎಸ್‌ಕ್ಯೂಎಲ್ ಕಮಾಂಡ್ ಕೊಟ್ಟಾಗಲೂ ಸಾಮಾನ್ಯವಾಗಿ ಹೊಸ ನಂಬರ್ ಹೇಳಬೇಕು. ಮೈಎಸ್‌ಕ್ಯೂಎಲ್ ಇದಕ್ಕೆ ಉಲ್ಟಾ. ಲಿನಕ್ಸ್‌ನಲ್ಲಿ ಲೋಕಲ್‌ಹೋಸ್ಟ್ ಅಂತ ಕೊಟ್ಟರೆ ಅದು ಸಾಕೆಟ್ ಫೈಲ್ ಮೂಲಕವೇ ಹೋಗುತ್ತದೆ, ನೀವು ಕೊಟ್ಟ ಪೋರ್ಟನ್ನು ನೋಡುವುದೇ ಇಲ್ಲ. ತಪ್ಪು ನಂಬರ್ ಕೊಟ್ಟರೂ ಕನೆಕ್ಟ್ ಆಗಿಬಿಡುತ್ತದೆ. ಪರೀಕ್ಷೆ ಮಾಡುವಾಗ 127.0.0.1 ಅಂತಲೇ ಕೊಡಿ.

ವೆಬ್ ಸಾಫ್ಟ್‌ವೇರ್‌ಗಳ ನಂಬರ್ ನೆನಪಿಡುವ ಗೋಳೇ ಬೇಡ ಅಂದರೆ ಅವುಗಳ ಮುಂದೆ ಕ್ಯಾಡಿ ಅಥವಾ ಎಂಜಿನ್‌ಎಕ್ಸ್ ಎಂಬ ವೆಬ್ ಸರ್ವರ್ ಇಡಿ. ಅದು 80, 443ರಲ್ಲಿ ಕೂತು ಹೆಸರು ನೋಡಿ ಒಳಗಿನ ಗ್ರಫಾನಾ, ಗಿಟಿಯಾಗಳಿಗೆ ಕಳಿಸುತ್ತದೆ. ಅವೆಲ್ಲ 127.0.0.1ರಲ್ಲಿ ಇರಲಿ, ಮನೆಯೊಳಗಿನ ಬೇರೆ ಕಂಪ್ಯೂಟರ್‌ಗಳಿಗೂ ಹೆಸರು ಸಾಕು. ಈ 80ನ್ನು ಮಾತ್ರ ಬದಲಿಸಲು ಹೋಗಬೇಡಿ, ಉಚಿತ ಎಚ್‌ಟಿಟಿಪಿಎಸ್ ಪ್ರಮಾಣಪತ್ರ ಕೊಡುವ ಲೆಟ್ಸ್ ಎನ್‌ಕ್ರಿಪ್ಟ್‌ನ ಎಚ್‌ಟಿಟಿಪಿ ಪರಿಶೀಲನೆ 80ಕ್ಕೇ ಬರುತ್ತದೆ, ಬೇರೆ ಪೋರ್ಟ್ ಹೇಳಲು ಅವಕಾಶವಿಲ್ಲ. 80 ತೆರೆಯಲು ಆಗದವರು ಡಿಎನ್‌ಎಸ್ ಮೂಲಕ ಮಾಡುವ ಪರಿಶೀಲನೆ ಬಳಸಬಹುದು.

ಎಸ್‌ಎಸ್ ಕಮಾಂಡ್‌ನ ಪಟ್ಟಿಯನ್ನೂ ನಿಮ್ಮ ಕಂಪೋಸ್ ಫೈಲ್‌ನ ಪೋರ್ಟ್ ಸಾಲುಗಳನ್ನೂ ಇಲ್ಲೇ ಹಾಕಿ. ಸಾರ್ವಜನಿಕ ಐಪಿ, ಪಾಸ್‌ವರ್ಡ್ ಇದ್ದರೆ ಅಳಿಸಿ ಹಾಕಿ. 0.0.0.0 ಇರುವ ಸಾಲುಗಳಲ್ಲಿ ಯಾವುದು ಹಾಗೆ ಇರಬೇಕು, ಯಾವುದು ಬೇಡ ಅಂತ ಒಂದೊಂದಾಗಿ ಹೇಳುತ್ತೇನೆ.