ರಾತ್ರಿಭೋಜನ ತೆಗೆದುಕೊಳ್ಳಬಹುದಾ ಎಂದು ಕೇಳಿದ ತಮ್ಮನಿಗೆ

ವಂದನೆ ತಮ್ಮಾ. ಮಂಗಳೂರಿನ ಸಿಎಸ್‌ಐ (ದಕ್ಷಿಣ ಭಾರತ ಸಭೆ) ಸಭೆಯವನು, ಓದಲು ಜರ್ಮನಿಯ ಟ್ಯೂಬಿಂಗೆನ್‌ಗೆ ಬರುತ್ತಿದ್ದೇನೆ, ಅಲ್ಲಿನ ಲುಥೆರನ್ ಸಭೆಯಲ್ಲಿ ರಾತ್ರಿಭೋಜನ (ಆರಾಧನೆಯಲ್ಲಿ ಹಂಚುವ ರೊಟ್ಟಿ, ದ್ರಾಕ್ಷಾರಸ) ತೆಗೆದುಕೊಳ್ಳಬಹುದಾ, ಅವರಿಗೂ ರಿಫಾರ್ಮ್ಡ್ ಸಭೆಯವರಿಗೂ ಏನು ಜಗಳ ಎಂದು ಕೇಳಿದ್ದೀಯ. ಧಾರಾಳವಾಗಿ ತೆಗೆದುಕೋ. 1973ರಲ್ಲಿ ಲಾಯೆನ್‌ಬೆರ್ಗ್‌ನಲ್ಲಿ ಒಪ್ಪಂದವಾದ ಮೇಲೆ ಆ ಇಬ್ಬರೂ ಒಂದೇ ಮೇಜಿಗೆ ಬರುತ್ತಾರೆ.

ಆದರೆ ಹಳೆಯ ಜಗಳ ಏನೆಂದು ತಿಳಿದುಕೊಂಡೇ ಬಾ. ಅದು ಸುಮ್ನೆ ಪಂಡಿತರ ಹಟವಲ್ಲ. ಸ್ವರ್ಗಕ್ಕೆ ಏರಿಹೋದ ಯೇಸುವಿನ ದೇಹ ಈಗ ಎಲ್ಲಿದೆ? ರಾತ್ರಿಭೋಜನದ ರೊಟ್ಟಿಯಲ್ಲೂ ಇರಬಲ್ಲುದಾ? 1529ರಲ್ಲಿ ಮಾರ್ಬುರ್ಗ್ ಕೋಟೆಯಲ್ಲಿ ಲುಥೆರನ್ನರ ಮೂಲಪುರುಷ ಲೂಥರ್ ಮೇಜಿನ ಮೇಲೆ ಸೀಮೆಸುಣ್ಣದಲ್ಲಿ ‘ಇದು ನನ್ನ ದೇಹ’ ಎಂದು ಲ್ಯಾಟಿನ್‌ನಲ್ಲಿ ಬರೆದೇ ಮಾತಿಗೆ ಕೂತರು. ರಿಫಾರ್ಮ್ಡ್ ಕಡೆಯ ಮೂಲಪುರುಷ, ಸ್ವಿಟ್ಜರ್ಲೆಂಡಿನ ಝ್ವಿಂಗ್ಲಿ ಒಪ್ಪಲಿಲ್ಲ. ನಿಜವಾದ ದೇಹ ಅಂದ ಮೇಲೆ ಅದು ಒಂದೇ ಜಾಗದಲ್ಲಿ ಇರಬೇಕು, ಅಲ್ವಾ? ಟ್ಯೂಬಿಂಗೆನ್ ಇರುವ ನಮ್ಮ ವುರ್ಟೆಂಬರ್ಗ್ ಪ್ರಾಂತ್ಯದ ಲುಥೆರನ್ ಪಂಡಿತ ಬ್ರೆಂಟ್ಸ್ ಇದಕ್ಕೆ ಗಟ್ಟಿಯಾಗಿ ಉತ್ತರ ಕೊಟ್ಟರು: ಯೇಸು ಕೂತಿರುವ ದೇವರ ಬಲಗಡೆ ಅನ್ನುವುದು ಒಂದು ಜಾಗವಲ್ಲ, ಕ್ರಿಸ್ತನ ದೈವತ್ವ ಇರುವಲ್ಲೆಲ್ಲ ಮನುಷ್ಯತ್ವವೂ ಇದೆ. ರಿಫಾರ್ಮ್ಡ್ ಕಡೆಯ ಹೈಡೆಲ್‌ಬರ್ಗ್‌ನವರ 1563ರ ಪ್ರಶ್ನೋತ್ತರಿ ಬೇರೆಯೇ ಹೇಳುತ್ತದೆ: ಮನುಷ್ಯನಾಗಿ ಆತ ಈಗ ಭೂಮಿಯ ಮೇಲಿಲ್ಲ, ದೇವರಾಗಿ ನಮ್ಮನ್ನು ಎಂದೂ ಬಿಟ್ಟಿಲ್ಲ. ಮರುವರ್ಷ ಮೌಲ್‌ಬ್ರೊನ್ ಮಠದಲ್ಲಿ ಎರಡೂ ಕಡೆಯವರು ಎದುರುಬದುರು ಕೂತು ವಾದಿಸಿದರು. ಒಮ್ಮತ ಆಗಲಿಲ್ಲ.

ನೀನು ಬರುವ ಟ್ಯೂಬಿಂಗೆನ್‌ನ ಜಗಳ ಇನ್ನೂ ಸೂಕ್ಷ್ಮ. (‘ಮಂಗಳೂರ ಸಮಾಚಾರ’ದ ಮೋಗ್ಲಿಂಗ್ ಓದಿದ್ದೂ ಅಲ್ಲೇ.) 1620ರ ಸುಮಾರಿಗೆ ಲುಥೆರನ್ನರೇ ತಮ್ಮತಮ್ಮಲ್ಲಿ ಕೇಳಿಕೊಂಡರು: ಗೋದಲಿಯಲ್ಲಿ ಮಲಗಿದ್ದ ಕೂಸು ಆಗಲೂ ಲೋಕವನ್ನು ಆಳುತ್ತಿತ್ತಾ? ಹೌದು, ಮರೆಯಲ್ಲಿ ಆಳುತ್ತಿತ್ತು ಎಂದರು ಟ್ಯೂಬಿಂಗೆನ್‌ನವರು. ಜರ್ಮನಿಯದೇ ಇನ್ನೊಂದು ಊರಾದ ಗೀಸೆನ್‌ನ ಪಂಡಿತ ಮೆಂಟ್ಸರ್ ಮತ್ತು ಜೊತೆಯವರು, ಆ ಶಕ್ತಿ ಇತ್ತು, ಆದರೆ ಮನುಷ್ಯನಾಗಿ ಅದನ್ನು ಬಳಸುವುದನ್ನು ಬಿಟ್ಟುಕೊಟ್ಟಿದ್ದ ಎಂದರು. 1624ರಲ್ಲಿ ಸ್ಯಾಕ್ಸನಿಯ ಪಂಡಿತರು ಹೆಚ್ಚುಕಮ್ಮಿ ಗೀಸೆನ್ ಪರವಾಗಿಯೇ ತೀರ್ಪು ಕೊಟ್ಟರು.

ನಾನೂ ಆ ಕಡೆಯೇ. ಯೇಸುವಿನ ನೋವು ತೋರಿಕೆ ಎಂದು ಟ್ಯೂಬಿಂಗೆನ್‌ನವರೇನೂ ಹೇಳಲಿಲ್ಲ, ಅದು ನಿಜ. ಆದರೂ ಹಸಿದವನು, ಗೆತ್ಸೆಮನೆಯಲ್ಲಿ ಬೆವರಿದವನು ತನ್ನ ಶಕ್ತಿಯನ್ನು ನಿಜವಾಗಿ ಕೈಬಿಟ್ಟು ನಿಂತಿದ್ದ ಎಂಬ ಮಾತೇ ನನಗೆ ಬೇಕು. ಇಲ್ಲಿಯ ಮೊದಲ ಚಳಿಗಾಲ, ಕೆಲಸವಿಲ್ಲ, ಭಾಷೆ ಬರುವುದಿಲ್ಲ. ನಾನು ಪ್ರಾರ್ಥಿಸಿದ್ದು ಆ ಯೇಸುವಿಗೆ.

ಆರಾಧನೆ ಇಲ್ಲಿ ಸರಳ. ಹಾಡು, ಪ್ರಾರ್ಥನೆ, ಪ್ರಸಂಗ. ಇನ್ನೊಂದು ವಿಷಯ: ನಗರ ಕಚೇರಿಯಲ್ಲಿ ವಿಳಾಸ ನೋಂದಾಯಿಸುವಾಗ ಧರ್ಮ ಕೇಳುತ್ತಾರೆ. ಪ್ರೊಟೆಸ್ಟಂಟ್ ಎಂದು ಬರೆಸಿದರೆ, ಕೆಲಸಕ್ಕೆ ಸೇರಿದ ಮೇಲೆ ಆದಾಯ ತೆರಿಗೆಯ ಶೇ. 8ರಷ್ಟು ಚರ್ಚ್ ತೆರಿಗೆ ಹಿಡಿಯುತ್ತಾರೆ. ಸಂಬಳದ ಶೇ. 8 ಅಲ್ಲ, ಗಾಬರಿಯಾಗಬೇಡ. ನಾನು ಬರೆಸಿದ್ದೇನೆ, ನೀನೂ ಬರೆಸು.