ಬಾಯಿಬಿಡುವ ಪ್ಲೇಟು, ಕೂಡದ ತಳ

ಪ್ರಶ್ನೆ: ವರ್ಟಿಕಲ್ ಮಿಲ್ಲಿಂಗ್ ಮೆಷಿನ್‌ನಲ್ಲೇ ಫ್ರಿಕ್ಷನ್ ಸ್ಟರ್ ವೆಲ್ಡಿಂಗ್ (ತಿರುಗುವ ಟೂಲಿನ ಉಜ್ಜಾಟದ ಬಿಸಿಗೆ ಲೋಹ ಮೆದುವಾಗಿಸಿ, ಕಲಸಿ ಕೂಡಿಸುವುದು) ಮಾಡಿ ಕಾಫಿ ಡ್ರೈಯರ್‌ನ ಅಲ್ಯೂಮಿನಿಯಂ ಪ್ಲೇಟು ಕೂಡಿಸುತ್ತಿದ್ದೇವೆ. ದಪ್ಪ 6 ಮಿ.ಮೀ., ಉದ್ದ 300 ಮಿ.ಮೀ. ನಾಲ್ಕು ಮೂಲೆಗೂ ಕ್ಲ್ಯಾಂಪ್ ಇದೆ. ಆದರೂ ಪಿನ್ (ಟೂಲಿನ ತುದಿಯ ಕಡ್ಡಿ) ಇಳಿದೊಡನೆ ಪ್ಲೇಟುಗಳು ಬಾಯಿಬಿಡುತ್ತವೆ. ತಳದಲ್ಲಿ ಕೂಡದ ಗೆರೆ ಉಳಿಯುತ್ತದೆ. ಏನು ಮಾಡುವುದು?
– ಓದುಗರೊಬ್ಬರು, ಕುಶಾಲನಗರ

ಉತ್ತರ: ಇವು ಎರಡು ಬೇರೆ ಬೇರೆ ದೋಷಗಳು. ಪಿನ್ ಇಳಿಯುವಾಗ ಪ್ಲೇಟುಗಳನ್ನು ಅಕ್ಕಪಕ್ಕಕ್ಕೆ ತಳ್ಳುತ್ತದೆ. ಮೇಲಿಂದ ಮಾತ್ರ ಒತ್ತಿದರೆ ಆ ತಳ್ಳಾಟ ತಡೆಯದು. ಒಂದು ಪಕ್ಕಕ್ಕೆ ಬೋಲ್ಟು, ಡೋವೆಲ್ ಪಿನ್ (ಪಟ್ಟಿ ಜರುಗದಂತೆ ಹಿಡಿಯುವ ಗೂಟ) ಹಾಕಿ ಅಲುಗದ ಸ್ಟೀಲ್ ಪಟ್ಟಿ ಕೂರಿಸಿ. ಇನ್ನೊಂದು ಪಕ್ಕದಿಂದ ಮೂರು ಎಂ12 ಬೋಲ್ಟುಗಳು ಒಂದು ಚಪ್ಪಟೆ ಪಟ್ಟಿಯ ಮೂಲಕ ಪ್ಲೇಟಿನ ಅರ್ಧ ದಪ್ಪದ ಮಟ್ಟದಲ್ಲಿ ತಳ್ಳಲಿ. ಮೇಲಂಚಿಗೆ ತಳ್ಳಿದರೆ ಪ್ಲೇಟು ಏಳುತ್ತದೆ. ಮೊದಲು ಮೇಲಿನ ಕ್ಲ್ಯಾಂಪ್ ಹಗುರವಾಗಿ, ಆಮೇಲೆ ಪಕ್ಕದ ಬೋಲ್ಟು, ಕೊನೆಗೆ ಮೇಲಿನದ್ದು ಪೂರ್ತಿ ಬಿಗಿ: ಈ ಕ್ರಮ ತಪ್ಪಬಾರದು. 0.2 ಮಿ.ಮೀ. ಫೀಲರ್ ಗೇಜ್ (ಸಂದಿ ಅಳೆಯುವ ತೆಳು ತಗಡು) ಪ್ಲೇಟುಗಳ ನಡುವಿನ ಸಂದಿಗೆ ಹೋಗಬಾರದು.

ಮೂಲೆಯ ಕ್ಲ್ಯಾಂಪ್ ಸಾಲದು, ನಡುವೆ ಪ್ಲೇಟು ಎದ್ದೇ ಏಳುತ್ತದೆ. ಸಂದಿಯ ಎರಡೂ ಕಡೆ ಉದ್ದಕ್ಕೂ ದಪ್ಪ ಸ್ಟೀಲ್ ಬಾರ್ ಇಟ್ಟು ಅದರ ಮೇಲೆ ಕ್ಲ್ಯಾಂಪ್ ಹಾಕಿ. ಶೋಲ್ಡರ್ (ಪಿನ್‌ನ ಮೇಲಿರುವ, ಪ್ಲೇಟಿನ ಮೈ ಉಜ್ಜುವ ಅಗಲ ಭಾಗ) 18 ಮಿ.ಮೀ. ವ್ಯಾಸದ್ದಾದರೆ ಬಾರ್‌ನ ಅಂಚು ಸಂದಿಯಿಂದ 14-15 ಮಿ.ಮೀ. ದೂರವಿರಲಿ, ಟೂಲ್ ಹೋಲ್ಡರ್ ತಗಲುತ್ತದೆಯೇ ಎಂದು ಸ್ಪಿಂಡಲ್ ನಿಲ್ಲಿಸಿ, ಟೇಬಲ್ ಓಡಿಸಿ ನೋಡಿ. ಕ್ಲ್ಯಾಂಪಿನ ಬೋಲ್ಟು ಪ್ಲೇಟಿಗೆ ಹತ್ತಿರವಿರಬೇಕು, ಹಿಂದಿನ ಆಸರೆ ತುಸು ಎತ್ತರವಿರಬೇಕು. ಟೂಲ್ ಪ್ಲೇಟನ್ನು ಮುಂದಕ್ಕೂ ನೂಕುವುದರಿಂದ ವೆಲ್ಡ್ ಮುಗಿಯುವ ತುದಿಗೊಂದು ತಡೆ ಬೇಕು. ಶುರುವಿನ ತುದಿ ಬಿಟ್ಟಿರಲಿ, ಬಿಸಿಗೆ ಹಿಗ್ಗಲು ಜಾಗ ಸಿಗುತ್ತದೆ.

ಇನ್ನು ತಳದ ಗೆರೆ. 6 ಮಿ.ಮೀ. ಪ್ಲೇಟಿಗೆ ಪಿನ್ 5.7-5.8 ಮಿ.ಮೀ. ಉದ್ದವಿರಬೇಕು. ಅಷ್ಟಿದ್ದೂ ಗೆರೆ ಉಳಿದರೆ ಟೂಲ್ ಪೂರ್ತಿ ಇಳಿದಿಲ್ಲ, ಇಲ್ಲವೇ ಅಡಿಯ ಆಸರೆ ಬಗ್ಗುತ್ತಿದೆ. ಟೇಬಲ್ಲಿನ ಟಿ-ಸ್ಲಾಟ್ (ಬೋಲ್ಟು ಕೂರಿಸುವ ತೋಡು) ಮೇಲೆ ಸಂದಿ ಬಂದರಂತೂ ಮೆದುವಾದ ಲೋಹ ಕೆಳಕ್ಕೆ ಉಬ್ಬುತ್ತದೆ. ಗ್ರೈಂಡ್ ಮಾಡಿದ, 20-25 ಮಿ.ಮೀ. ದಪ್ಪದ ಒಂದೇ ತುಂಡಿನ ಮೈಲ್ಡ್ ಸ್ಟೀಲ್ ಹಾಕಿ, ಏರುತಗ್ಗು ತೋರಿಸುವ ಡಯಲ್ ಗೇಜ್ ಓಡಿಸಿ 0.05 ಮಿ.ಮೀ. ಒಳಗೆ ಸಮ ಮಾಡಿ. ಅಡಿಗೆ ಅಲ್ಯೂಮಿನಿಯಂ ಬೇಡ; ಬಿಸಿ ಎಳೆದುಕೊಳ್ಳುತ್ತದೆ, ಪಿನ್ ತಗಲಿದರೆ ಅಂಟಿಕೊಳ್ಳುತ್ತದೆ. ಕೊಡಗಿನ ಮಳೆಗಾಲದಲ್ಲಿ ಈ ಸ್ಟೀಲ್ ಬೇಗ ತುಕ್ಕು ಹಿಡಿದು ಮೈ ಒರಟಾಗುತ್ತದೆ. ಕೆಲಸವಾದ ಮೇಲೆ ಎಣ್ಣೆ ಸವರಿ, ವೆಲ್ಡಿಂಗ್‌ಗೆ ಮುಂಚೆ ಅಸಿಟೋನ್‌ನಿಂದ ಪೂರ್ತಿ ಒರೆಸಿ.

ಪ್ರಶ್ನೆ: ಈ ವೆಲ್ಡಿಂಗ್‌ಗೆ ಟಾಗಲ್ ಕ್ಲ್ಯಾಂಪ್ (ಹಿಡಿ ಮಡಚಿದೊಡನೆ ಬಿಗಿಯುವ ಕ್ಲ್ಯಾಂಪ್) ಸಾಕಾಗುವುದಿಲ್ಲವೇ?
– ಓದುಗರೊಬ್ಬರು, ವಿರಾಜಪೇಟೆ

ಉತ್ತರ: 6 ಮಿ.ಮೀ. ಪ್ಲೇಟಿಗೆ ಬೇಡ. ಟೂಲ್ ಹಲವು ನೂರು ಕಿಲೋ ಭಾರ ಹಾಕುತ್ತದೆ, ಟಾಗಲ್ ತೋಳು ಬಗ್ಗುತ್ತದೆ. ಫಿಕ್ಸ್ಚರ್ (ಪ್ಲೇಟು ಹಿಡಿದಿಡುವ ಏರ್ಪಾಡು) ಸರಿಯಾಯಿತೇ ಎಂದು ತಿಳಿಯಲು ವೆಲ್ಡಿಗೆ ಅಡ್ಡವಾಗಿ 20 ಮಿ.ಮೀ. ಅಗಲದ ಪಟ್ಟಿ ಕತ್ತರಿಸಿ, ತಳಭಾಗ ಹೊರಗೆ ಬರುವಂತೆ ಬಗ್ಗಿಸಿ. ಕೂಡದ ತಳ ಅಲ್ಲೇ ಬಿರಿಯುತ್ತದೆ.